ವಿಭೂತಿ ಕಾಣದ ಹಣೆ: ಬೆಳಕು ಹೆಚ್ಚಾದ ಮುಖಚಿತ್ರ ಸರಿಪಡಿಸುವ ಬಗೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮದುವೆಗಳಲ್ಲಿ ಅಕ್ಕಿಕಾಳು ಬೀಳುವುದು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ. ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ತ್ರಾಸಿನ ಮುಹೂರ್ತ ಇನ್ನೊಂದಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಫೋಟೊಗಳೂ ಝಗಝಗ ಎನ್ನುತ್ತಿರುತ್ತವೆ. ರಾತ್ರಿ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದಾಗ ಅಸಲು ಹಕೀಕತ್ತು ಗೊತ್ತಾಗುತ್ತದೆ. ಬೀಗರ ಹಣೆಯ ಮೇಲಿದ್ದ ಮೂರೆಳೆ ವಿಭೂತಿ ಮಾಯ. ಧೋತರದ ನಿರಿಗೆ ಮಾಯ. ಮೂಗಿನ ತುದಿ, ಕೆನ್ನೆಯ ಮೇಲ್ಭಾಗ ಬರೀ ಬಿಳಿ ಮಚ್ಚೆ. ಕಣ್ಣಿನ ಜಾಗದಲ್ಲಿ ಮಾತ್ರ ಕಪ್ಪು ಗುಳಿ.

ಇದರಲ್ಲಿ ಫೋಟೊ ತೆಗೆದವನ ಕೈಯದಷ್ಟೇ ತಪ್ಪಲ್ಲ, ಆಕಾಶದ ಪಾಲೂ ಇದೆ. ಈ ಮೂರೂ ತಾಲ್ಲೂಕುಗಳು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮದುವೆ ಸೀಸನ್ ಜೋರಾಗಿರುವ ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಈ ಭಾಗ ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಿಜವಾದ ನಡುಹಗಲು ಆಗುವುದು 12.20ರ ಹೊತ್ತಿಗೆ. ಅಂದರೆ ಅಕ್ಕಿಕಾಳು ಬೀಳುವ ಹೊತ್ತಿಗೇ! ಬೆಳಕು ಮೇಲಿಂದ ನೇರ ಇಳಿಯುವಾಗ ಹಣೆ, ಮೂಗು, ಭುಜಗಳು ಅದನ್ನೆಲ್ಲ ಹಿಡಿದುಕೊಂಡು ಕಣ್ಣಿಗೆ ನೆರಳು ಬಿಡುತ್ತವೆ.

ಹಾಗೆ ಕೆಟ್ಟ ಫೋಟೊವನ್ನು ಎಡಿಟಿಂಗ್‌ನಲ್ಲಿ ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಉತ್ತರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ಬಿಳಿಯ ಒಳಗೆ ಏನಾದರೂ ಉಳಿದಿದೆಯೋ, ಇಲ್ಲವೋ?

ಫಿಲ್ಮಿನ ಪಾಠ ಇಲ್ಲಿ ನಡೆಯದು

ಕಲಬುರಗಿ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಆ ತಲೆಮಾರಿನ ಗಾಜಿನ ನೆಗೆಟಿವ್‌ನಿಂದ ಹಿಡಿದು ಮೊನ್ನೆ ಮೊನ್ನೆಯ ಕಲರ್ ರೋಲ್‌ವರೆಗೆ ಸ್ಟುಡಿಯೊಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ‘ಬೆಳಕು ಸ್ವಲ್ಪ ಹೆಚ್ಚಾದರೆ ನಡೆಯುತ್ತದೆ, ಕಡಿಮೆ ಆಗಬಾರದು’ ಎಂಬುದು. ಅದು ಸರಿಯೇ ಇತ್ತು. ನೆಗೆಟಿವ್ ಮೇಲೆ ಹೆಚ್ಚು ಬೆಳಕು ಬಿದ್ದಲ್ಲಿ ಅದು ಇನ್ನಷ್ಟು ದಟ್ಟವಾಗುತ್ತ ಹೋಗುತ್ತದೆ, ವಿವರ ಒಮ್ಮೆಲೇ ಅಳಿಯುವುದಿಲ್ಲ. ಪ್ರಿಂಟ್ ಹಾಕುವಾಗ ಆ ಜಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಹಣೆಯ ಬಣ್ಣ ಮರಳಿ ಬರುತ್ತಿತ್ತು.

ಡಿಜಿಟಲ್ ಸೆನ್ಸರ್ ಸ್ವಭಾವ ತಿರುಗಾಮುರುಗಾ. ಸೇರಿನಲ್ಲಿ ಜೋಳ ಅಳೆಯುವಾಗ ಬಾಯಿಮಟ್ಟ ತುಂಬಿದ ಮೇಲೆ ಅಂಗೈಯಿಂದ ಸವರಿಬಿಟ್ಟರೆ ಮೇಲೆ ಎಷ್ಟು ರಾಶಿ ಇತ್ತೆಂದು ಸೇರು ಹೇಳಲಾರದು. ಸೆನ್ಸರ್‌ನ ಒಂದೊಂದು ಬಿಂದುವೂ ಹಾಗೆಯೇ ತುಂಬಿದ ಮೇಲಿನದನ್ನು ಬಿಟ್ಟುಬಿಡುತ್ತದೆ. ಜೆಪೆಗ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಈ ಮೂರಕ್ಕೂ 0ಯಿಂದ 255ರವರೆಗೆ ಮಾತ್ರ ಮೆಟ್ಟಿಲು. ಮೂರೂ 255 ಮುಟ್ಟಿದ ಜಾಗದಲ್ಲಿ ವಿಭೂತಿಯೂ ಒಂದೇ, ಬಿಸಿಲು ಬಿದ್ದ ಹಣೆಯೂ ಒಂದೇ. ರಾ ಫೈಲಿನಲ್ಲಿ ಮೆಟ್ಟಿಲು ಹೆಚ್ಚು: 12 ಬಿಟ್‌ನದಾದರೆ 4,096, 14 ಬಿಟ್‌ನದಾದರೆ 16,384. ಅಲ್ಲದೆ ಜೆಪೆಗ್ ತಯಾರಾಗುವಾಗ ಕ್ಯಾಮೆರಾ ಕತ್ತರಿಸಿ ಎಸೆಯುವ ತುದಿಯ ಬೆಳಕೂ ಅದರಲ್ಲಿ ಸ್ವಲ್ಪ ಉಳಿದಿರುತ್ತದೆ. ಹಾಗಾಗಿ ಜೆಪೆಗ್‌ನಲ್ಲಿ ಸತ್ತಂತೆ ಕಂಡ ಹಣೆ ರಾದಲ್ಲಿ ಉಸಿರಾಡುತ್ತಿರಬಹುದು.

ಎರೆಹೊಲದ ಮುಂದೆ ಕ್ಯಾಮೆರಾ ಯಾಕೆ ತಪ್ಪುತ್ತದೆ

ಬಿಸಿಲಿನಷ್ಟೇ ದೊಡ್ಡ ಇನ್ನೊಂದು ಕಾರಣ ಕಾಲಕೆಳಗೇ ಇದೆ. ಕ್ಯಾಮೆರಾದ ಮೀಟರ್‌ಗೆ ತನ್ನೆದುರು ನಿಂತಿರುವುದು ಮನುಷ್ಯನೋ ಮಣ್ಣೋ ತಿಳಿಯದು. ತಾನು ಕಂಡದ್ದೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ಅದು ನಂಬುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಭಾಗ ಮರಳಿಸುವ ಬೂದುಬಣ್ಣವೇ ಅದರ ಅಳತೆಗೋಲು. ಜೇವರ್ಗಿಯ ಎರೆಹೊಲದ ಕಪ್ಪು ಮಣ್ಣು ಮರಳಿಸುವುದು ಹತ್ತರ ಆಸುಪಾಸು, ಮಳೆಗೆ ತೊಯ್ದಿದ್ದರೆ ಇನ್ನೂ ಕಡಿಮೆ. ಬಿಳಿ ಧೋತರ 80ರ ಹತ್ತಿರ ಮರಳಿಸುತ್ತದೆ.

ಈಗ ತೊಗರಿ ಬಿತ್ತುವ ಮುಂಚಿನ ಖಾಲಿ ಹೊಲದ ಮುಂದೆ ಹಿರಿಯರೊಬ್ಬರನ್ನು ನಿಲ್ಲಿಸಿ ಫೋಟೊ ತೆಗೆದರೆ ಏನಾಗುತ್ತದೆ ನೋಡಿ. ಚೌಕಟ್ಟಿನ ಬಹುಪಾಲು ಕಪ್ಪು ಮಣ್ಣು. ಕ್ಯಾಮೆರಾ ‘ಕತ್ತಲು ಹೆಚ್ಚಾಯಿತು’ ಎಂದುಕೊಂಡು ಹತ್ತನ್ನು ಹದಿನೆಂಟಕ್ಕೆ ಎಳೆಯುತ್ತದೆ. ಎಂದರೆ ಎಲ್ಲವನ್ನೂ ಸುಮಾರು 1.8 ಪಟ್ಟು ಬೆಳಗಿಸುತ್ತದೆ. 80 ಇದ್ದ ಧೋತರ 144 ಆಗಬೇಕು. ನೂರರ ಮೇಲೆ ಜಾಗವೆಲ್ಲಿದೆ? ಇದು ಹಾಳೆಯ ಮೇಲಿನ ಸರಳ ಲೆಕ್ಕ, ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ತುಸು ಹೆಚ್ಚುಕಡಿಮೆ ಆದೀತು. ಆದರೆ ಮಣ್ಣು ಬೂದಾಗಿ, ಮನುಷ್ಯ ಬೆಳ್ಳಗಾಗುವುದರ ಗುಟ್ಟು ಇದೇ. ಅದೇ ಹಿರಿಯರನ್ನು ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿದರೆ ಕ್ಯಾಮೆರಾ ಉಲ್ಟಾ ಹೆದರಿ ಮುಖವನ್ನು ಕಪ್ಪಾಗಿಸುತ್ತದೆ.

ಗಾಣಗಾಪುರದ ಸಂಗಮದಲ್ಲಿ ಇನ್ನೊಂದು ಬಗೆ. ಭೀಮಾ–ಅಮರ್ಜಾ ಕೂಡುವಲ್ಲಿ ಮಿಂದು ಮೇಲೆ ಬಂದವರ ಮುಖಕ್ಕೆ ಆಕಾಶದಿಂದಲೂ ನೀರಿನಿಂದಲೂ ಎರಡು ಕಡೆಯ ಬೆಳಕು. ಒದ್ದೆ ಹಣೆಯ ಮೇಲೆ ಸೂರ್ಯನೇ ಪ್ರತಿಫಲಿಸುತ್ತಾನೆ. ಅಂಗಳದಲ್ಲಿ ಹಾಸಿದ ಶಹಾಬಾದಿ ಫರಸಿಯೂ ಕೆಳಗಿನಿಂದ ಗದ್ದಕ್ಕೆ ಬೆಳಕು ಎಸೆಯುತ್ತದೆ. ಇದು ಒಮ್ಮೊಮ್ಮೆ ಉಪಕಾರವೇ, ಕಣ್ಣಿನ ನೆರಳು ತಿಳಿಯಾಗುತ್ತದೆ.

ಮೊದಲು ನಾಡಿ ನೋಡಿ

ಎಡಿಟಿಂಗ್ ಶುರು ಮಾಡುವ ಮುನ್ನ ಫೋಟೊ ‘ಬೆಳ್ಳಗಿದೆಯೋ’ ‘ಸುಟ್ಟಿದೆಯೋ’ ಎಂದು ತಿಳಿಯಬೇಕು. ಪರದೆಯನ್ನು ಕಣ್ಣಿನಿಂದ ನಂಬುವಂತಿಲ್ಲ, ಅದರ ಬ್ರೈಟ್‌ನೆಸ್ ಎಷ್ಟಿದೆಯೋ ಯಾರಿಗೆ ಗೊತ್ತು.

ಹಿಸ್ಟೊಗ್ರಾಮ್ ತೆರೆಯಿರಿ. ಎಡತುದಿ ಕಪ್ಪು, ಬಲತುದಿ ಬಿಳಿ. ಗುಡ್ಡ ಬಲಕ್ಕೆ ಸರಿದಿದ್ದರೂ ಬಲಗೋಡೆಗೆ ಮುಂಚೆಯೇ ಇಳಿಜಾರಾಗಿ ಮುಗಿದಿದ್ದರೆ ಗಾಬರಿ ಬೇಡ, ಅದು ಬರೀ ಬೆಳ್ಳಗಿದೆ. ಗೋಡೆಗೆ ಅಂಟಿ ಕಂಬದಂತೆ ನೆಟ್ಟಗೆ ಎದ್ದಿದ್ದರೆ ಎಲ್ಲೋ ಸುಟ್ಟಿದೆ. ಎಲ್ಲಿ ಎಂಬುದು ಮುಖ್ಯ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಡೆವಲಪ್‌ಗೆ ಹೋಗಿ ‘ಜೆ’ ಕೀಲಿ ಒತ್ತಿದರೆ ಸುಟ್ಟ ಜಾಗ ಕೆಂಪಾಗಿ ಕಾಣುತ್ತದೆ; ದುಡ್ಡಿಲ್ಲದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿಗಳಲ್ಲೂ ಇಂಥ ಸೂಚನೆ ಇದೆ.

ಕೆಂಪು ಬಿದ್ದದ್ದು ಮೂಗುತಿಯ ಹೊಳಪು, ಕಣ್ಣಿನೊಳಗಿನ ಬೆಳಕಿನ ಚುಕ್ಕೆ, ಗಲ್ಲದ ಮೇಲಿನ ನೀರಹನಿ ಇಂಥಲ್ಲಿ ಮಾತ್ರವಾದರೆ ಬಿಟ್ಟುಬಿಡಿ. ಅವು ಬಿಳಿಯಾಗಿದ್ದರೇ ಚೆಂದ. ಧೋತರದ ಅಂಚಿನಲ್ಲಿ ತುಸು ಬಿದ್ದಿದ್ದರೂ ನಡೆಯುತ್ತದೆ. ಹಣೆ, ಕೆನ್ನೆ, ಮೂಗಿನ ಮೇಲೆ ದೊಡ್ಡ ತೇಪೆಯಾಗಿ ಬಿದ್ದಿದ್ದರೆ ಅಲ್ಲಿ ಕೆಲಸವಿದೆ. ಅದು ಜೆಪೆಗ್ ಆಗಿದ್ದು, ಮುಖದ ಅರ್ಧಭಾಗವೇ ಸುಟ್ಟಿದ್ದರೆ ಆ ಫೋಟೊ ಕೈಬಿಟ್ಟು ಹಿಂದಿನ–ಮುಂದಿನ ಫ್ರೇಮ್ ಹುಡುಕುವುದೇ ಜಾಣತನ; ಮದುವೆಯಲ್ಲಿ ಒಂದೇ ಭಂಗಿಯ ಮೂರ್ನಾಲ್ಕು ಫೋಟೊ ಇದ್ದೇ ಇರುತ್ತವೆ.

ಸರಿಪಡಿಸುವ ಕ್ರಮ

ಮಾದರಿಗೆ ಒಂದು ಫೋಟೊ ಇಟ್ಟುಕೊಳ್ಳೋಣ: ಬಿಳಿ ರುಮಾಲು, ಬಿಳಿ ಅಂಗಿ, ಧೋತರ, ಹಣೆಗೆ ವಿಭೂತಿ, ಗೋಧಿಗಿಂತ ಗಾಢವಾದ ಮೈಬಣ್ಣ, ಹಿಂದೆ ಎರೆಹೊಲ. ಹೆಸರುಗಳು ಲೈಟ್‌ರೂಮ್‌ನವು, ಬೇರೆ ಸಾಫ್ಟ್‌ವೇರ್‌ಗಳಲ್ಲೂ ಹೆಚ್ಚುಕಡಿಮೆ ಇವೇ ಇರುತ್ತವೆ. ಅಂಕಿಗಳನ್ನು ಕಣ್ಣಳತೆಗೆ ಕೊಟ್ಟಿದೆ, ಕಣ್ಣು ಮುಚ್ಚಿ ಹಾಕಲು ಅಲ್ಲ.

1. ಎಕ್ಸ್‌ಪೋಷರ್ ಇಳಿಸಿ, ಆದರೆ ಮುಖ ನೋಡಿ ಇಳಿಸಿ. ಧೋತರ ನೋಡುತ್ತ ಇಳಿಸಿದರೆ ಮುಖ ಕಪ್ಪಾಗುತ್ತದೆ. ಕೆನ್ನೆಯ ನಡುಭಾಗ ನಿಜವಾದ ಮೈಬಣ್ಣಕ್ಕೆ ಬರುವವರೆಗೆ ಮಾತ್ರ ಇಳಿಸಿ. ನಮ್ಮ ಮಾದರಿಗೆ –0.50ಯಿಂದ –0.80 ಸಾಕಾದೀತು. ಎಕ್ಸ್‌ಪೋಷರ್ ಮೊದಲು ಯಾಕೆಂದರೆ ಅದು ಇಡೀ ಚಿತ್ರದ ನೆಲೆ. ಅದನ್ನು ಕೊನೆಗೆ ಅಲುಗಿಸಿದರೆ ಉಳಿದ ತಿದ್ದುಪಡಿಗಳೆಲ್ಲ ಕೆಡುತ್ತವೆ.

2. ಹೈಲೈಟ್ಸ್ ಎಳೆಯಿರಿ. ಈ ಸ್ಲೈಡರ್ ಬೆಳಕಿನ ಭಾಗಗಳನ್ನಷ್ಟೇ ಮುಟ್ಟುತ್ತದೆ. –40ರಿಂದ –70ರೊಳಗೆ ನಿಧಾನ ಎಳೆಯುತ್ತ ಹಣೆಯನ್ನು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ರಾ ಫೈಲಾದರೆ ವಿಭೂತಿಯ ಎಳೆಗಳ ಅಂಚು ಒಂದೊಂದಾಗಿ ಎದ್ದು ಬರುವುದು ಈ ಹೊತ್ತಿನಲ್ಲೇ. ಅಂಚು ಬಂದ ಕೂಡಲೇ ನಿಲ್ಲಿಸಿ. –100ಕ್ಕೆ ಒಯ್ದರೆ ಹಣೆ ಮೇಣ ಸವರಿದ ಹಾಗೆ ಚಪ್ಪಟೆಯಾಗುತ್ತದೆ.

3. ವೈಟ್ಸ್ ಗೆರೆ ಹಾಕಿ. ಆಲ್ಟ್ ಕೀಲಿ ಒತ್ತಿಹಿಡಿದು ವೈಟ್ಸ್ ಸರಿಸಿದರೆ ಪರದೆ ಕಪ್ಪಾಗಿ, ಸುಟ್ಟ ಜಾಗಗಳಷ್ಟೇ ಮಿನುಗುತ್ತವೆ. ಧೋತರದ ಮೇಲೆ ಚೂರುಪಾರು ಚುಕ್ಕೆ ಉಳಿಯುವಷ್ಟಕ್ಕೆ ನಿಲ್ಲಿಸಿ. ಪೂರ್ತಿ ಅಳಿಸಿಬಿಟ್ಟರೆ ಬಿಳಿ ಬಟ್ಟೆ ಮಾಸಿದ ಬಟ್ಟೆಯಾಗುತ್ತದೆ. ಬೀಗರಿಗೆ ಅದೂ ಸೇರುವುದಿಲ್ಲ!

4. ಕಣ್ಣಿನ ಗುಳಿ ತುಂಬಿ. ಬೆಳಕು ಇಳಿಸಿದ್ದರಿಂದ ಕಣ್ಣಿನ ನೆರಳು ಇನ್ನಷ್ಟು ಕಪ್ಪಾಗಿರುತ್ತದೆ. ಶ್ಯಾಡೋಸ್ +15ರಿಂದ +30. ಅದಕ್ಕೂ ಬಗ್ಗದಿದ್ದರೆ ಎರಡೂ ಕಣ್ಣಿನ ಮೇಲೆ ಮೆತ್ತಗಿನ ಅಂಚಿನ ಬ್ರಷ್ ಆಡಿಸಿ ಎಕ್ಸ್‌ಪೋಷರ್ +0.30. ಅದಕ್ಕಿಂತ ಹೆಚ್ಚು ಬೇಡ, ಕಣ್ಣು ನಾಟಕದ ಬಣ್ಣ ಹಚ್ಚಿದಂತೆ ಕಾಣುತ್ತದೆ.

5. ಮಣ್ಣಿಗೆ ಅದರ ಕಪ್ಪು ಮರಳಿಸಿ. ಬ್ಲ್ಯಾಕ್ಸ್ –10ರ ಸುತ್ತ. ಬಹಳ ಮಂದಿ ಈ ಮೆಟ್ಟಿಲು ಬಿಡುತ್ತಾರೆ, ಆಮೇಲೆ ಫೋಟೊ ಮಂಜು ಕವಿದಂತಿದೆ ಎಂದು ಡೀಹೇಜ್ ಎಳೆಯುತ್ತಾರೆ. ಡೀಹೇಜ್ ಮುಖಕ್ಕೆ ಮಸಿ ಬಳಿಯುತ್ತದೆ. ಹಿಂದಿನ ಎರೆಮಣ್ಣು ನಿಜಕ್ಕೂ ಕಪ್ಪಾದರೆ ಮುಂದಿನ ಧೋತರ ತಾನಾಗಿಯೇ ಬೆಳ್ಳಗೆ ಕಾಣುತ್ತದೆ, ಅದನ್ನು ಬೆಳಗಿಸುವ ಗೊಡವೆಯೇ ಬೇಕಿಲ್ಲ.

6. ಬಣ್ಣ ನೋಡಿ. ಬೆಳಕು ಹೆಚ್ಚಾದಾಗ ಮೈಬಣ್ಣದಲ್ಲಿ ಮೊದಲು ತುಂಬುವುದು ಕೆಂಪು, ಆಮೇಲೆ ಹಸಿರು, ಕೊನೆಗೆ ನೀಲಿ. ಕೆಂಪು 255ಕ್ಕೆ ನಿಂತು ಹಸಿರು ಏರುತ್ತ ಹೋದ ಕಡೆ ಕೆನ್ನೆ ಹಳದಿ ಹೊಡೆಯುತ್ತದೆ. ಕರ್ಸರ್ ಕೆನ್ನೆಯ ಮೇಲಿಟ್ಟು ಅಂಕಿ ಓದಿ (ಲೈಟ್‌ರೂಮ್ ಇದನ್ನು ಶೇಕಡಾದಲ್ಲಿ ತೋರಿಸುತ್ತದೆ). ಕಪ್ಪೋ ಕೆಂಪೋ ಗೋಧಿಯೋ, ಮನುಷ್ಯನ ಮೈಬಣ್ಣ ಯಾವುದೇ ಇರಲಿ, ಸಹಜ ಬೆಳಕಿನಲ್ಲಿ ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ನಡುವೆ, ನೀಲಿ ಕಡಿಮೆ ಇರುತ್ತದೆ. ನೀಲಿ ಹಸಿರನ್ನು ದಾಟಿದ್ದರೆ ಮುಖ ನೇರಳೆಗೆ ತಿರುಗಿದೆ ಎಂದರ್ಥ. ಟೆಂಪರೇಚರ್ ಸ್ವಲ್ಪ ಹಳದಿ ಕಡೆ ಸರಿಸಿ. ಕೆನ್ನೆ ಬೂದು ಹೊಡೆದಿದ್ದರೆ ಕಲರ್ ಮಿಕ್ಸರ್‌ನಲ್ಲಿ ಆರೆಂಜ್ ಸ್ಯಾಚುರೇಶನ್ +5ರಿಂದ +10, ಲ್ಯೂಮಿನೆನ್ಸ್ –5ರಿಂದ –15.

7. ಉಳಿದ ಮಚ್ಚೆಗೆ ತೇಪೆ. ಇಷ್ಟಾದರೂ ಮೂಗಿನ ತುದಿ, ಹಣೆಯ ನಡುವೆ ಸತ್ತ ಬಿಳಿ ಉಳಿದಿದ್ದರೆ ಸ್ಲೈಡರ್‌ನಿಂದ ಆಗದು. ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಹೊಸ ಲೇಯರ್ ತೆರೆಯಿರಿ. ಮಚ್ಚೆಯ ಪಕ್ಕದ ಚರ್ಮದ ಬಣ್ಣ ಐಡ್ರಾಪರ್‌ನಿಂದ ತೆಗೆದು, ಮೆತ್ತಗಿನ ಬ್ರಷ್‌ಗೆ ಒಪ್ಯಾಸಿಟಿ ಹತ್ತರಷ್ಟೇ ಇಟ್ಟು ಪದರ ಪದರವಾಗಿ ಹಚ್ಚಿ. ಬರೀ ಬಣ್ಣ ಹಚ್ಚಿದರೆ ಪ್ಲಾಸ್ಟಿಕ್ ಕಾಣುತ್ತದೆ. ಮೇಲೆ ಹೀಲಿಂಗ್ ಬ್ರಷ್‌ನಿಂದ ಪಕ್ಕದ ಚರ್ಮದ ರಂಧ್ರ–ಗೆರೆಗಳನ್ನು ತುಸು ಎಳೆದುಕೊಳ್ಳಿ. ವಿಭೂತಿಯ ಎಳೆ ಪೂರ್ತಿ ಕರಗಿದ್ದರೆ ಅದನ್ನು ಹೊಸದಾಗಿ ಬರೆಯಲು ಹೋಗಬೇಡಿ. ಬರೆದದ್ದು ಗೊತ್ತಾಗಿಯೇ ಆಗುತ್ತದೆ, ಮನೆಯವರಿಗಂತೂ ಮೊದಲೇ.

ಫೋಟೊಶಾಪ್ ಕಲಿತವರು ಹೇಳಿಕೊಡುವ ಇನ್ನೊಂದು ದಾರಿ ಮಲ್ಟಿಪ್ಲೈ. ಫೋಟೊದ ಒಂದು ಪ್ರತಿಯನ್ನು ಅದರ ಮೇಲೆಯೇ ಇಟ್ಟು ಮೋಡ್ ಬದಲಿಸಿದರೆ ಎಲ್ಲ ಗಾಢವಾಗುತ್ತದೆ. ಅದರ ಲೆಕ್ಕ ತಿಳಿದಿದ್ದರೆ ಮಿತಿಯೂ ತಿಳಿಯುತ್ತದೆ: ಎರಡು ಅಂಕಿ ಗುಣಿಸಿ 255ರಿಂದ ಭಾಗಿಸುವುದು. 128 ಇದ್ದದ್ದು 64ಕ್ಕೆ, 200 ಇದ್ದದ್ದು 157ಕ್ಕೆ, 240 ಇದ್ದದ್ದು 226ಕ್ಕೆ ಇಳಿಯುತ್ತದೆ. 255 ಮಾತ್ರ 255 ಆಗಿಯೇ ಉಳಿಯುತ್ತದೆ. ಬೆಳ್ಳಗಿರುವ ಮುಖಕ್ಕೆ ಇದು ಬಲು ಒಳ್ಳೆಯ ಮದ್ದು, ಒಪ್ಯಾಸಿಟಿ 30–40ಕ್ಕೆ ಇಳಿಸಿ, ಬೇಡವಾದ ಕಡೆ ಮಾಸ್ಕ್ ಮಾಡಿದರೆ ಸಾಕು. ಸುಟ್ಟ ಮುಖಕ್ಕೆ ಕೆಡುಕು: ಸುತ್ತಲಿನದೆಲ್ಲ ಕಪ್ಪಾಗಿ ಬಿಳಿ ಮಚ್ಚೆ ಇನ್ನೂ ಎದ್ದು ಕಾಣುತ್ತದೆ.

ಮೊಬೈಲ್‌ನಲ್ಲೇ ಕೆಲಸ ಮುಗಿಸುವವರಿಗೆ

ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಇರುವುದಿಲ್ಲ. ಸ್ನ್ಯಾಪ್‌ಸೀಡ್ ಪುಕ್ಕಟೆ ಸಿಗುತ್ತದೆ. ಅದರ ‘ಟ್ಯೂನ್ ಇಮೇಜ್’ನಲ್ಲಿ ಮೊದಲು ಹೈಲೈಟ್ಸ್, ಆಮೇಲೆ ಬ್ರೈಟ್‌ನೆಸ್ ಇಳಿಸಿ. ಆ್ಯಂಬಿಯನ್ಸ್ ಕಡೆ ಬೆರಳು ಹೋಗದಿರಲಿ, ಮುಖದಲ್ಲಿ ಕಲೆ ಏಳುತ್ತದೆ. ಹಣೆ ಮಾತ್ರ ತಿದ್ದಬೇಕಿದ್ದರೆ ‘ಸೆಲೆಕ್ಟಿವ್’ ತೆಗೆದುಕೊಂಡು ಹಣೆಯ ಮೇಲೆ ಒಂದು ಬಿಂದು ಇಡಿ; ಎರಡು ಬೆರಳಿನಿಂದ ವೃತ್ತವನ್ನು ಕಿರಿದು ಮಾಡಿ ಬ್ರೈಟ್‌ನೆಸ್ ಇಳಿಸಿ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇದ್ದು ಡಿಎನ್‌ಜಿ ಫೈಲ್ ಬರುತ್ತಿದ್ದರೆ ಅದನ್ನೇ ಇದರೊಳಗೆ ತೆರೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊ ಮೇಲೆ ಮಾತ್ರ ಇಷ್ಟೆಲ್ಲ ಶ್ರಮ ಹಾಕಬೇಡಿ. ಅದು ಕುಗ್ಗಿಸಿ ಕಳಿಸಿದ್ದು, ಎಳೆದಂತೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ.

ಬೇರೆ ಬೇರೆ ಸಂದರ್ಭ, ಬೇರೆ ಬೇರೆ ಉಪಾಯ

*ಅರಿಶಿಣ ಹಚ್ಚಿದ ಮುಖ.* ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂರಿಸಿ ಅರಿಶಿಣ ಹಚ್ಚುವಾಗಿನ ಫೋಟೊಗಳಲ್ಲಿ ಹಿಸ್ಟೊಗ್ರಾಮ್ ಮೋಸ ಮಾಡಬಹುದು. ಒಟ್ಟು ಬೆಳಕಿನ ಗುಡ್ಡ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಕೆಂಪು ಚಾನೆಲ್ ಒಂದೇ ಗೋಡೆಗೆ ಹೊಡೆದಿರುತ್ತದೆ. ಹಳದಿ ಎಂದರೆ ಕೆಂಪು–ಹಸಿರಿನ ಕೂಡಿಕೆ, ನೀಲಿ ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಮೂರೂ ಚಾನೆಲ್ ಬಿಡಿಬಿಡಿಯಾಗಿ ನೋಡಿ. ತಿದ್ದುವಾಗ ಎಕ್ಸ್‌ಪೋಷರ್‌ಗಿಂತ ಮೊದಲು ಹಳದಿಯ ಸ್ಯಾಚುರೇಶನ್ ಸ್ವಲ್ಪ ಇಳಿಸಿದರೆ ಅರಿಶಿಣದ ಮೇಲಿನ ಬೆರಳಿನ ಗೆರೆಗಳು ಮರಳುತ್ತವೆ.

*ಮಲ್ಲಿಗೆಯ ಸೆಹ್ರಾ.* ಆಳಂದದ ನಿಕಾಹ್ ಸಂಭ್ರಮದಲ್ಲಿ ವರನ ಮುಖದ ಮುಂದೆ ಇಳಿಬಿದ್ದ ಬಿಳಿ ಹೂವಿನ ಎಳೆಗಳು, ಹಿಂದೆ ನೆರಳಿನಲ್ಲಿ ಮುಖ, ಎದುರಿಗೆ ವಿಡಿಯೊದವರ ಎಲ್‌ಇಡಿ ಲೈಟು. ಮುಖಕ್ಕೆ ಬೆಳಕು ಕೊಟ್ಟರೆ ಹೂವು ಸುಡುತ್ತದೆ. ಇಲ್ಲಿ ಇಡೀ ಫೋಟೊ ಇಳಿಸುವ ಬದಲು ಮಾಸ್ಕಿಂಗ್‌ನಲ್ಲಿ ಲ್ಯೂಮಿನೆನ್ಸ್ ರೇಂಜ್ ಆರಿಸಿ, ತೀರ ಬೆಳಕಿನ ಭಾಗವನ್ನಷ್ಟೇ ಹಿಡಿದು ಇಳಿಸಬೇಕು. ಹೂವಿನ ಎಸಳು ಬಿಡಿಬಿಡಿಯಾದರೆ ಸಾಕು, ಮುಖವನ್ನು ಮುಟ್ಟಬೇಕಿಲ್ಲ.

*ಫ್ಲ್ಯಾಶ್ ಹೊಡೆದ ಗುಂಪು ಚಿತ್ರ.* ಮುಂದಿನ ಸಾಲಿನ ಅತ್ತೆಮ್ಮ ಬೆಳ್ಳಗೆ, ಹಿಂದಿನ ಸಾಲಿನ ಮಾವ ಕಪ್ಪಗೆ. ಫ್ಲ್ಯಾಶ್‌ನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಎರಡು ಮೀಟರ್ ದೂರದವರಿಗೆ ಬಿದ್ದದ್ದರ ಕಾಲುಭಾಗ ಮಾತ್ರ ನಾಲ್ಕು ಮೀಟರ್ ದೂರದವರಿಗೆ. ಕೆಳಗಿನಿಂದ ಮೇಲಕ್ಕೆ ಗ್ರೇಡಿಯಂಟ್ ಹಾಕಿ ಮುಂದಿನ ಸಾಲನ್ನು ಇಳಿಸಿ. ಮುಂದಿನ ಸಲ ಒಂದೆರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ, ಸಾಲುಗಳ ನಡುವಿನ ಬೆಳಕಿನ ಅಂತರ ತಾನೇ ಕಡಿಮೆಯಾಗುತ್ತದೆ.

*ಬಣ್ಣದ ಹಂದರ.* ಕೆಂಪು ಇಲ್ಲವೇ ಹಳದಿ ಬಟ್ಟೆಯ ಶಾಮಿಯಾನದಡಿ ಮುಖಕ್ಕೆ ಬಟ್ಟೆಯ ಬಣ್ಣವೇ ಬಳಿದಿರುತ್ತದೆ. ಬೆಳಕು ತಿದ್ದುವ ಮೊದಲೇ ವೈಟ್ ಬ್ಯಾಲೆನ್ಸ್ ತಿದ್ದಿ. ಎಷ್ಟೋ ಸಲ ಕೆಂಪು ಹಿಂದೆ ಸರಿದ ಕೂಡಲೇ ‘ಸುಟ್ಟಿದೆ’ ಎಂದುಕೊಂಡ ಅರ್ಧ ಭಾಗ ಸರಿಯಾಗಿಬಿಡುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಿಳಿ ಮಚ್ಚೆಯನ್ನು ಬೂದು ಮಾಡುವುದು ಮೊದಲನೆಯದು. ವಿವರವಿಲ್ಲದ ಜಾಗವನ್ನು ಎಷ್ಟು ಎಳೆದರೂ ಹುಟ್ಟುವುದು ಬೂದು ತೇಪೆಯೇ. ಬಿಳಿ ಮಚ್ಚೆ ಬಿಸಿಲೆಂದಾದರೂ ಅನಿಸುತ್ತದೆ. ಬೂದು ತೇಪೆ ರೋಗದಂತೆ ಕಾಣುತ್ತದೆ.

ಇನ್ನೊಂದು, ಕ್ಲಾರಿಟಿ ಎಳೆದು ‘ಡಿಟೇಲ್’ ತರುವ ಆಸೆ. ಹಿರಿಯರ ಮುಖದ ಸುಕ್ಕುಗಳೆಲ್ಲ ಉಳುಮೆಯ ಸಾಲಾಗುತ್ತವೆ, ಹೋದ ವಿಭೂತಿ ಮಾತ್ರ ಬರುವುದಿಲ್ಲ.

ಒಂದೇ ಪ್ರಿಸೆಟ್‌ಅನ್ನು ಇಡೀ ಮದುವೆಗೆ ಹಚ್ಚುವವರೂ ಇದ್ದಾರೆ. ಹಂದರದೊಳಗಿನ ಫೋಟೊಗೆ ಸರಿಹೋದ ಅಂಕಿ ಬಯಲಿನ ಫೋಟೊಗೆ ಹೊಂದುವುದಿಲ್ಲ. ಬೆಳಕು ಒಂದೇ ಇದ್ದ ಫೋಟೊಗಳನ್ನು ಗುಂಪು ಮಾಡಿ, ಒಂದನ್ನು ತಿದ್ದಿ, ಆ ಗುಂಪಿಗಷ್ಟೇ ನಕಲಿಸಿ.

ಆದರೆ ಈ ಎಲ್ಲಕ್ಕಿಂತ ಹೆಚ್ಚು ಫೋಟೊ ಕೆಡಿಸುವುದು ಒಂದು ಬೇಡಿಕೆ. ‘ಅಣ್ಣಾ, ಹುಡುಗಿ ಫೋಟೊ ಸ್ವಲ್ಪ ಬೆಳ್ಳಗ ಮಾಡಿ ಕೊಡ್ರಿ.’ ಸಂಬಂಧ ನೋಡಲು ಕಳಿಸುವ ಬಯೋಡೇಟಾ ಫೋಟೊಗೆ ಈ ಮಾತು ತಪ್ಪದು. ಮಾಡುವುದೇನೋ ಸುಲಭ: ಆರೆಂಜ್ ಲ್ಯೂಮಿನೆನ್ಸ್ ಏರಿಸಿದರೆ ಆಯಿತು. ಹಾಗೆ ಮಾಡಿದಾಗ ಮೇಲಿನ ಏಳು ಮೆಟ್ಟಿಲು ಹತ್ತಿ ಉಳಿಸಿಕೊಂಡದ್ದನ್ನು ಒಂದೇ ಎಳೆತಕ್ಕೆ ಕಳೆದುಕೊಂಡಂತೆ. ಕೆನ್ನೆಯ ಉಬ್ಬು, ಮೂಗಿನ ಏಣು, ಗದ್ದದ ಗೆರೆ ಎಲ್ಲ ಕರಗಿ ಮುಖ ಕಾಗದದಂತಾಗುತ್ತದೆ. ಕೈ ಮಾತ್ರ ಮೊದಲಿನ ಬಣ್ಣದಲ್ಲೇ ಉಳಿದು ಗುಟ್ಟು ಬಿಟ್ಟುಕೊಡುತ್ತದೆ. ಗಿರಾಕಿಗೆ ಬೇಕಿರುವುದು ಬಹುತೇಕ ಹೊಳಪು, ಬಿಳುಪಲ್ಲ. ಕಣ್ಣಿನ ನೆರಳು ತೆಗೆದು, ಹಿನ್ನೆಲೆ ತುಸು ಗಾಢ ಮಾಡಿ ತೋರಿಸಿ. ‘ಹ್ಞಾಂ, ಈಗ ಛಲೋ ಆತು’ ಎನ್ನುವವರೇ ಜಾಸ್ತಿ. ಫೋನಿನ ಬ್ಯೂಟಿ ಮೋಡ್ ಮಾಡುವುದೂ ಮುಖ ಬೆಳ್ಳಗಾಗಿಸುವ ಈ ಕೆಲಸವನ್ನೇ, ಫೋಟೊ ತೆಗೆಯುವ ಮುಂಚೆ ಅದನ್ನು ಆಫ್ ಮಾಡಿಡಿ.

ಎಚ್ಚರಿಕೆ

ಪಾಸ್‌ಪೋರ್ಟ್ ಮತ್ತಿತರ ಗುರುತಿನ ಚೀಟಿಗಳ ಫೋಟೊಗಳಲ್ಲಿ ಈ ತಿದ್ದುಪಡಿಗಳನ್ನು ಮಾಡಲು ಹೋಗಬೇಡಿ. ಅಲ್ಲಿ ಮೈಬಣ್ಣ ಸಹಜವಾಗಿರಬೇಕು, ಮುಖ ತಿದ್ದಿರಬಾರದು. ಬೆಳಕು ಹೆಚ್ಚಾಗಿದ್ದರೆ ಮತ್ತೊಂದು ತೆಗೆಯುವುದೇ ದಾರಿ.

ಮೂಲ ಫೈಲಿನ ಮೇಲೆ ಸೇವ್ ಮಾಡಬೇಡಿ. ಜೆಪೆಗ್ ಅನ್ನು ತೆರೆದು, ತಿದ್ದಿ, ಸೇವ್ ಮಾಡಿದಷ್ಟು ಸಲವೂ ಅದರ ಗುಣಮಟ್ಟ ಇಳಿಯುತ್ತದೆ. ಮೂಲ ಒಂದು ಫೋಲ್ಡರ್‌ನಲ್ಲಿ, ತಿದ್ದಿದ್ದು ಇನ್ನೊಂದರಲ್ಲಿ ಇರಲಿ. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುವಲ್ಲಿ ಕುಳಿತು ಎಡಿಟ್ ಮಾಡಬೇಡಿ. ಪರದೆ ಮಂಕು ಕಂಡು ಕೈ ತಾನಾಗಿ ಫೋಟೊವನ್ನು ಬೆಳಗಿಸುತ್ತ ಹೋಗುತ್ತದೆ.

ಮುಂದಿನ ಸಲ ತೆಗೆಯುವಾಗ

ಬಟಾಬಯಲಿನ ಬಿಸಿಲಿಗೆ ಫಿಲ್ಮ್ ಕಾಲದ ಒಂದು ಸೂತ್ರ ಇಂದಿಗೂ ನಡೆಯುತ್ತದೆ: ಐಎಸ್‌ಒ 100, ಅಪರ್ಚರ್ ಎಫ್ 16, ಶಟರ್ ಸೆಕೆಂಡಿನ 1/100. ಹೊಸಬರು ಮೊದಲು ಕೊಳ್ಳುವ 50 ಎಂಎಂ ಎಫ್ 1.8 ಲೆನ್ಸ್ ಹಾಕಿ, ಹಿನ್ನೆಲೆ ಮಸುಕಾಗಲಿ ಎಂದು ಪೂರ್ತಿ ತೆರೆದರೆ ಅದೇ ಬೆಳಕಿಗೆ ಶಟರ್ 1/8000ರ ಹತ್ತಿರ ಹೋಗಬೇಕು. ಕ್ಯಾನನ್ 1500ಡಿ, ನಿಕಾನ್ ಡಿ3500ಗಳ ಶಟರ್ 1/4000ಕ್ಕೇ ನಿಲ್ಲುತ್ತದೆ. ಅಂದರೆ ಐಎಸ್‌ಒ 100ರಲ್ಲೇ ಫೋಟೊಗೆ ಬೆಳಕು ದುಪ್ಪಟ್ಟು. ಹಿಂದಿನ ರಾತ್ರಿ ಒಳಮನೆಯಲ್ಲಿ ಇಟ್ಟ ಐಎಸ್‌ಒ 400 ಹಾಗೇ ಉಳಿದಿದ್ದರೆ ಎಂಟು ಪಟ್ಟು. ಬಿಸಿಲಿಗೆ ಕಾಲಿಡುವ ಮುಂಚೆ ಐಎಸ್‌ಒ ನೋಡಿ, ಅಪರ್ಚರ್ ಎಫ್ 4 ಅಥವಾ 5.6ಕ್ಕೆ ಇಳಿಸಿ.

ಎರೆಹೊಲ, ಗಾಢ ಬಣ್ಣದ ಬಾಗಿಲು, ಗುಡಿಯ ಕತ್ತಲ ಪ್ರಾಂಗಣ ಹಿಂದಿದ್ದಾಗ ಎಕ್ಸ್‌ಪೋಷರ್ ಕಾಂಪನ್ಸೇಶನ್ –2/3ರಿಂದ –1. ಮೀಟರಿಂಗ್ ಸ್ಪಾಟ್‌ಗೆ ಇಟ್ಟು ಕೆನ್ನೆಯ ಮೇಲೆ ಅಳೆದರೆ ಇನ್ನೂ ಖಚಿತ; ಆದರೆ ಆ ಅಳತೆಯೂ ಕೆನ್ನೆಯನ್ನು ನಡುಬೂದು ಎಂದೇ ತಿಳಿಯುವುದರಿಂದ ಗಾಢ ಮೈಬಣ್ಣದವರಿಗೆ ಆಮೇಲೂ ಸ್ವಲ್ಪ ಇಳಿಸಬೇಕಾಗುತ್ತದೆ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ತಡೆದು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಿ ರಾ ಮತ್ತು ಜೆಪೆಗ್ ಎರಡೂ ಒಟ್ಟಿಗೆ ಬರುವಂತೆ ಇಡಿ, ಹೈಲೈಟ್ ಅಲರ್ಟ್ ಹಚ್ಚಿಡಿ. ಸುಟ್ಟ ಜಾಗ ಪರದೆಯಲ್ಲಿ ಮಿಣಮಿಣ ಎಂದರೆ ಅಲ್ಲೇ ಮತ್ತೊಂದು ತೆಗೆಯಬಹುದು. ಆಗುವುದಾದರೆ ಜನರನ್ನು ಹಂದರದ ಅಂಚಿಗೆ, ನೆರಳಿನೊಳಗೆ ಒಂದು ಹೆಜ್ಜೆ ಬರುವಂತೆ ನಿಲ್ಲಿಸಿ, ಮುಖ ಹೊರಗಿನ ಬಯಲಿನ ಕಡೆ ಇರಲಿ. ಮೇಲಿನ ಬಿಸಿಲು ತಪ್ಪುತ್ತದೆ, ಎದುರಿನಿಂದ ಹರಡಿದ ಬೆಳಕು ಕಣ್ಣಿನೊಳಕ್ಕೆ ಹೋಗುತ್ತದೆ.

ಆಲ್ಬಮ್‌ಗೆ ಕಳಿಸುವ ಮುನ್ನ

ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯಲ್ಲಿ ಹೊಳಪೆನಿಸಿದ ಸತ್ತ ಬಿಳಿ ಪ್ರಿಂಟಿನಲ್ಲಿ ಬಣ್ಣವೇ ಬೀಳದ ಬೋಳು ಕಾಗದವಾಗಿ ಬರುತ್ತದೆ. ಅದಕ್ಕೆ ಮುಖದ ಅತಿ ಬೆಳಕಿನ ಭಾಗವೂ 240ರೊಳಗೆ ಇರುವಂತೆ ನೋಡಿಕೊಳ್ಳಿ. ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇಡಿ, ಲ್ಯಾಬ್‌ನವರು ಬೇರೆ ಕೇಳಿದ್ದರೆ ಮಾತ್ರ ಬದಲಿಸಿ. ಬೆಳಕು ಹೆಚ್ಚಾಗಿದ್ದ ಫೋಟೊಗಳಲ್ಲಿ ಒಂದೆರಡನ್ನು ಮೊದಲು 4×6 ಅಳತೆಯಲ್ಲಿ ಹಾಕಿಸಿ, ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡಿ. ಮುಖ ಎಷ್ಟು ಕಪ್ಪಾಗಿ ಅಥವಾ ಬೆಳ್ಳಗಾಗಿ ಬಂದಿದೆಯೋ ಅಷ್ಟನ್ನು ಎಕ್ಸ್‌ಪೋಷರ್‌ನಲ್ಲಿ ಸರಿತೂಗಿಸಿ, ಆ ಗುಂಪಿನ ಉಳಿದ ಫೋಟೊಗಳಿಗೂ ಅದನ್ನೇ ನಕಲಿಸಿ ಲ್ಯಾಬ್‌ಗೆ ಕಳಿಸಿ.